ಗೊತ್ತಿತ್ರಿ ಸರ, ಹೆಂಗ ಹೇಳೂದ್ರಿ?

ಒಂದು ಮಾತು ಮೂರು ವರ್ಷದಿಂದ ನನ್ನ ತಲೆಯೊಳಗೆ ಕೂತಿದೆ. ಹೇಳಿದವನು ನನ್ನ ಹಳೆಯ ವಿದ್ಯಾರ್ಥಿ. ಬೆಳಗಾವಿಯ ಒಂದು ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಲಗಿದ್ದ. ಬಲಗೈಗೆ ಮಣಿಕಟ್ಟಿನವರೆಗೂ ಬ್ಯಾಂಡೇಜು. ಪಕ್ಕದ ಸ್ಟೂಲಿನ ಮೇಲೆ ಅವನ ಅವ್ವ ಸವದತ್ತಿ ಕಡೆಯ ಹಳ್ಳಿಯಿಂದ ಕಟ್ಟಿಕೊಂಡು ಬಂದ ರೊಟ್ಟಿ ಗಂಟು ಇತ್ತು, ಬಿಚ್ಚಿರಲಿಲ್ಲ. ತೋರುಬೆರಳಿನ ಎರಡು ಗೆಣ್ಣು ಹೋಗಿದ್ದವು. ಐಟಿಐಯಲ್ಲಿ ಟರ್ನರ್ ಟ್ರೇಡಿನಲ್ಲಿ, ಅಂದರೆ ಲೇತ್ ಮಶೀನಿನ ಕೆಲಸದಲ್ಲಿ, ಎರಡು ವರ್ಷ ನನ್ನ ಹತ್ತಿರವೇ ಕಲಿತವನು. ಪಾಸಾಗಿ ಉದ್ಯಮಬಾಗದ ಕಡೆ ಒಂದು ಸಣ್ಣ ಶೆಡ್ಡಿಗೆ ಸೇರಿ ಎರಡೂವರೆ ತಿಂಗಳಾಗಿತ್ತು. ಸೇರಿದ್ದು ಲೇತ್ ಕೆಲಸಕ್ಕೆ. ಆ ದಿನ ಪ್ರೆಸ್ಸಿನ ಹುಡುಗ ಬಂದಿರಲಿಲ್ಲ ಅಂತ ಇವನನ್ನು ತಗಡು ಒತ್ತುವ ಪವರ್ ಪ್ರೆಸ್ಸಿಗೆ ನಿಲ್ಲಿಸಿದ್ದರು.

ಆ ಪ್ರೆಸ್ಸಿಗೆ ಎರಡು ಬಟನ್. ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಡೈ, ಅಂದರೆ ಒತ್ತುವ ಅಚ್ಚು, ಕೆಳಗೆ ಬರುತ್ತದೆ. ಎರಡೂ ಕೈ ಬಟನ್ ಮೇಲಿದ್ದರೆ ಡೈ ಕೆಳಗೆ ಕೈ ಇರಲು ಸಾಧ್ಯವಿಲ್ಲ ಅನ್ನುವುದು ಅದರ ಲೆಕ್ಕ. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನ. ಅದಕ್ಕೇ ಬಲಗಡೆ ಬಟನ್ನಿಗೆ ಒಂದು ಕಟ್ಟಿಗೆ ಚಕ್ಕೆ ಸಿಗಿಸಿಟ್ಟಿದ್ದರು. ಎಡಗೈಯಲ್ಲಿ ಬಟನ್ ಒತ್ತುವುದು, ಬಲಗೈಯಲ್ಲಿ ಪತ್ರಾ, ಅಂದರೆ ತಗಡು, ಸರಿಸುವುದು. ಮಧ್ಯಾಹ್ನ ಊಟದ ಹೊತ್ತಿನವರೆಗೆ ಸರಿಯಾಗಿಯೇ ನಡೆದಿತ್ತಂತೆ.

ಎರಡು ಬಟನ್ನಿನ ಈ ವಿಷಯವನ್ನು ನಾನೇ ಕ್ಲಾಸಿನಲ್ಲಿ ಹೇಳಿದ್ದೆ. ಬೋರ್ಡಿನ ಮೇಲೆ ಚಿತ್ರ ಬರೆದಿದ್ದೆ. ಟೆಸ್ಟಿನಲ್ಲೂ ಕೇಳಿದ್ದೆ. ಅವನು ಸರಿ ಉತ್ತರ ಬರೆದಿದ್ದ ಅಂತಲೂ ನೆನಪಿದೆ. ವಾರ್ಡಿನಲ್ಲಿ ಏನು ಮಾತಾಡಬೇಕು ಅಂತ ತಿಳಿಯದೆ ನಾನು ಕೇಳಬಾರದ್ದನ್ನು ಕೇಳಿಬಿಟ್ಟೆ. "ತಮ್ಮಾ, ನಿನಗ ಗೊತ್ತಿತ್ತಲ್ಲೊ?" ಅವನು ಕಿಟಕಿ ಕಡೆ ನೋಡುತ್ತಿದ್ದವನು ನನ್ನ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ಗೊತ್ತಿತ್ರಿ ಸರ. ಹೆಂಗ ಹೇಳೂದ್ರಿ ಅವರಿಗೆ?"

ಬಸ್ಸಿನಲ್ಲಿ ಮನೆಗೆ ಬರುವಾಗಲೂ ಅದೇ. ರಾತ್ರಿ ಊಟಕ್ಕೆ ಕೂತಾಗಲೂ ಅದೇ. ಇಷ್ಟು ವರ್ಷ ನಾನು ಸುರಕ್ಷತೆ ಅಂತ ಕಲಿಸಿದ್ದರಲ್ಲಿ ಈ ಪ್ರಶ್ನೆಗೆ ಉತ್ತರ ಎಲ್ಲಿತ್ತು?

ಮೊದಲ ಪಾಠ

ಐಟಿಐ ಓದಿದವರಿಗೆ ಗೊತ್ತು, ಯಾವ ಟ್ರೇಡ್ ಇರಲಿ ಮೊದಲ ಪಾಠ ಸುರಕ್ಷತೆಯದೇ. ಲೇತಿನಲ್ಲಿ ತುಂಡನ್ನು ಹಿಡಿದು ತಿರುಗಿಸುವ ಭಾಗ ಚಕ್, ಅದನ್ನು ಬಿಗಿ ಮಾಡುವ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಮಶೀನ್ ಚಾಲೂ ಮಾಡಬಾರದು. ತಿರುಗುವ ಮಶೀನಿನ ಹತ್ತಿರ ಕೈಗವಸು ಹಾಕಬಾರದು, ಅದು ಕೈ ಕಾಯುವುದಿಲ್ಲ, ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಚಿಪ್ಸ್, ಅಂದರೆ ಕೆತ್ತಿದಾಗ ಬರುವ ಲೋಹದ ಸುರುಳಿಯನ್ನು ಬೆರಳಿನಿಂದ ಎಳೆಯಬಾರದು, ಕೊಕ್ಕೆ ಬಳಸಬೇಕು. ಬೆಂಚ್ ಗ್ರೈಂಡರಿನಲ್ಲಿ ಚಕ್ರಕ್ಕೂ ಟೂಲ್ ರೆಸ್ಟಿಗೂ ನಡುವೆ 3 ಮಿ.ಮೀ.ಗಿಂತ ಜಾಸ್ತಿ ಸಂದು ಇರಬಾರದು. ಚಕ್ರ ಚಾಲೂ ಆಗುವಾಗ ಎದುರಿಗೆ ನಿಲ್ಲಬಾರದು, ಪಕ್ಕಕ್ಕೆ ನಿಲ್ಲಬೇಕು. ಹುಡುಗರು ಇದನ್ನೆಲ್ಲ ಹಾಡಿನ ಹಾಗೆ ಹೇಳುತ್ತಾರೆ. ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ. 1966ರಲ್ಲಿ ಅದೇ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಶುರುವಾಯಿತು. ಆ ದಿನ ಎಲ್ಲರೂ ಸಾಲಾಗಿ ನಿಂತು ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುತ್ತೇವೆ. ನಾನು ಮುಂದೆ ನಿಂತು ಹೇಳಿಸುತ್ತಿದ್ದೆ. ಮನಸ್ಸಿಟ್ಟೇ ಹೇಳಿಸುತ್ತಿದ್ದೆ.

ಹಕ್ಕುಗಳ ಪಾಠವೂ ಇರುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆ ಅಪ್ರೆಂಟಿಸ್ ಹುಡುಗನನ್ನು ಕಾರ್ಮಿಕ ಅಂತ ಕರೆಯುವುದಿಲ್ಲ, ಕಲಿಯುವವನು ಅಂತ ಕರೆಯುತ್ತದೆ. ಇದನ್ನೇ ಹಿಡಿದುಕೊಂಡು "ನೀ ಇಲ್ಲಿ ಕೆಲಸಗಾರ ಅಲ್ಲ, ನಿನಗೇನೂ ಇಲ್ಲ" ಅನ್ನುವವರು ಇದ್ದಾರೆ. ಆದರೆ ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳಿದೆ. ಆರೋಗ್ಯ, ಸುರಕ್ಷತೆ, ಸೌಕರ್ಯ, ಈ ಮೂರು ವಿಷಯದಲ್ಲಿ ಕಾರ್ಖಾನೆಯ ಅಪ್ರೆಂಟಿಸ್ ಹುಡುಗನನ್ನು ಉಳಿದ ಕಾರ್ಮಿಕರ ಹಾಗೆಯೇ ನೋಡಬೇಕು. ಅವನಿಗೆ ಪೆಟ್ಟಾದರೆ ಪರಿಹಾರ ಮಾಲೀಕನ ಹೊಣೆ. ಸರ್ಕಾರದ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವ ಹಾಗಿಲ್ಲ. ಇದನ್ನೂ ನಾನು ಕಲಿಸಿದ್ದೆ. ಹುಡುಗರು ಬರೆದುಕೊಂಡಿದ್ದರು.

ಆದರೆ ಬರೆದುಕೊಂಡದ್ದು ನೋಟ್‌ಬುಕ್ಕಿನಲ್ಲೇ ಇರುತ್ತದೆ. ಶೆಡ್ಡಿನಲ್ಲಿ ಪಟ್ಟಾ ತಿರುಗುವ ಸದ್ದು, ಗ್ರೈಂಡರಿನ ಸದ್ದು. ಆ ಗದ್ದಲದಲ್ಲಿ ನಲವತ್ತೈದು ದಾಟಿದ ಮಿಸ್ತ್ರಿ ಬಂದು "ಯಾಕ ನಿಂತಿ? ಲಗೂನ ಮಾಡ" ಅಂದಾಗ ಹದಿನೆಂಟರ ಹುಡುಗನ ಬಾಯಿಂದ ಬರಬೇಕಾದ್ದು ಕಲಂ ನಂಬರ್ ಅಲ್ಲ. ಒಂದು ವಾಕ್ಯ ಬರಬೇಕು. ಆ ವಾಕ್ಯವನ್ನು ನಾನು ಕೊಟ್ಟಿರಲಿಲ್ಲ.

ಪರಿಚಯದ ಕೆಲಸ

ನಮ್ಮ ಕಡೆ ಹುಡುಗರಿಗೆ ಮೊದಲ ಕೆಲಸ ಅರ್ಜಿ ಹಾಕಿ ಸಿಗುವುದು ಕಡಿಮೆ. ಯಾರದೋ ಮಾತಿನ ಮೇಲೆ ಸಿಗುತ್ತದೆ. ಈ ಹುಡುಗನದೂ ಹಾಗೇ. ಅವನನ್ನು ಸೇರಿಸಿದ್ದು ಅದೇ ಶೆಡ್ಡಿನ ಮಿಸ್ತ್ರಿ. ಅವನ ಅಪ್ಪನ ಊರಿನವರು. ಅಪ್ಪ ಒಂದು ಸಂತೆ ದಿನ ಅವರನ್ನು ಕಂಡು "ನಮ್ಮ ಹುಡುಗ ಅದಾನ್ರಿ, ಸ್ವಲ್ಪ ನೋಡ್ರಿ" ಅಂದಿದ್ದರು. ಅವರು ನೋಡಿದರು. ಖೋಲಿ ಸಿಗುವವರೆಗೆ ಹುಡುಗ ಅವರ ಮನೆಯಲ್ಲೇ ಇದ್ದ. ಅವರ ಹೆಂಡತಿ ಬಡಿದ ರೊಟ್ಟಿ ಉಂಡು ಅವರ ಗಾಡಿಯ ಹಿಂದೆ ಕೂತು ಕೆಲಸಕ್ಕೆ ಹೋಗುತ್ತಿದ್ದ. ಅವರನ್ನು ಕಾಕಾ ಅಂತ ಕರೆಯುತ್ತಿದ್ದ. ಆ ಕಾಕಾ ಚಕ್ಕೆ ಸಿಗಿಸಿದ ಪ್ರೆಸ್ ತೋರಿಸಿ "ಇದರ ಮ್ಯಾಲ ನಿಂದ್ರು ಇವತ್ತ" ಅಂದರೆ ಅವನು ಏನು ಹೇಳಬೇಕಿತ್ತು? ಒಲ್ಲೆ ಅಂದರೆ ಒಂದು ಮಶೀನಿಗೆ ಒಲ್ಲೆ ಅಂದಂತೆ ಆಗುವುದಿಲ್ಲ. ಆ ಮನೆಯ ರೊಟ್ಟಿಗೆ, ಅಪ್ಪನ ಮಾತಿಗೆ, ಊರಿನ ಸಂಬಂಧಕ್ಕೆ ಒಲ್ಲೆ ಅಂದಂತೆ. ಹುಡುಗರು ಹಾಗೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ತಪ್ಪು ಅಂತ ನನಗೆ ಅನಿಸುವುದಿಲ್ಲ.

ಆ ಮಿಸ್ತ್ರಿಯನ್ನೂ ನಾನು ಭೇಟಿಯಾದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರು. ಎರಡು ರಾತ್ರಿ ಅಲ್ಲೇ ಇದ್ದವರು. ಕಣ್ಣು ಕೆಂಪಾಗಿದ್ದವು. ಅವರ ಎಡಗೈ ಕಿರುಬೆರಳಿಗೆ ಉಗುರಿರಲಿಲ್ಲ. "ನಾವೂ ಹಂಗ ಕಲ್ತಿವ್ರಿ ಸರ" ಅಂದರು. ಅವರನ್ನು ಬೈಯುವ ಸಿಟ್ಟಿನಿಂದ ಹೋಗಿದ್ದೆ, ಆಗಲಿಲ್ಲ. ಅವರ ಮೇಲೆ ಮಾಲೀಕ, ಮಾಲೀಕನ ಮೇಲೆ ಆರ್ಡರು, ಆರ್ಡರಿನ ಮೇಲೆ ಇನ್ನೂ ದೊಡ್ಡ ಕಂಪನಿಯ ತಾರೀಖು. ಒತ್ತಡವೆಲ್ಲ ಇಳಿದು ಬಂದು ಕೊನೆಗೆ ಪ್ರೆಸ್ಸಿನ ಮುಂದೆ ನಿಂತ ಎಲ್ಲರಿಗಿಂತ ಚಿಕ್ಕವನ ಕೈಮೇಲೆ ಬೀಳುತ್ತದೆ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಆ ಹುಡುಗನನ್ನು ಎಲ್ಲರೂ ಅಪ್ರೆಂಟಿಸ್ ಅಂತ ಕರೆಯುತ್ತಿದ್ದರು. ಆದರೆ ಅವನ ಹೆಸರಿನಲ್ಲಿ ನೋಂದಾಯಿಸಿದ ಕರಾರು ಇರಲಿಲ್ಲ. "ಕಲ್ಯಾಕ ಬಂದಾನ್ರಿ, ಕೆಲಸಕ್ಕಲ್ಲ" ಅಂತ ಮಾಲೀಕ ಹೇಳಿದಾಗ ನಾನೂ ಸುಮ್ಮನಾದೆ. ಆಸ್ಪತ್ರೆ ಬಿಲ್ಲು ಕಟ್ಟಿದರು, ಕೈಗೆ ಸ್ವಲ್ಪ ದುಡ್ಡು ಕೊಟ್ಟರು. ಅವನ ಅಪ್ಪ ನನ್ನ ಮುಖ ನೋಡಿದರು. ನಾನು "ತೊಗೊರಿ, ಮುಂದ ನೋಡೂಣು" ಅಂದೆ. ಮುಂದೆ ಯಾರೂ ನೋಡಲಿಲ್ಲ. ಕಾನೂನನ್ನು ಕುಳಿತು ಸರಿಯಾಗಿ ಓದಿದ್ದು ಆಮೇಲೆ. ಕರಾರು ಇದ್ದರೆ ಅವನು ಅಪ್ರೆಂಟಿಸ್. ಇಲ್ಲದಿದ್ದರೆ ಅವನು ಎಲ್ಲರ ಹಾಗೆ ಕೆಲಸಗಾರ, ಅವನಿಗೆ ಕನಿಷ್ಠ ಕೂಲಿಯೂ ಸಿಗಬೇಕು. ಎರಡರಲ್ಲಿ ಒಂದು ಆಗಿರಲೇಬೇಕು. ಎರಡೂ ಅಲ್ಲದ ಮೂರನೆಯ ಜಾಗ ಕಾನೂನಿನಲ್ಲಿ ಇಲ್ಲ. ವಿದ್ಯುತ್ತಿನಿಂದ ಮಶೀನ್ ಓಡುವ ಶೆಡ್ಡಿನಲ್ಲಿ ಐದೇ ಜನ ಇದ್ದರೂ ಪೆಟ್ಟಾದವನಿಗೆ ಪರಿಹಾರದ ಹಕ್ಕಿದೆ. ಇದು ಅಂದು ನನಗೆ ಗೊತ್ತಿರಬೇಕಿತ್ತು.

ಬೆರಳಿನ ಪಟ್ಟಿ

1923ರ ಪರಿಹಾರ ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ದೇಹದ ಯಾವ ಭಾಗ ಹೋದರೆ ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಯಿತು ಅನ್ನುವ ಪಟ್ಟಿ. ಹೆಬ್ಬೆರಳು ಹೋದರೆ 30. ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಾದರೆ 9. ನಡುಬೆರಳು ಪೂರ್ತಿ ಹೋದರೆ 12. ಉಂಗುರ ಬೆರಳಿಗೆ 7, ಕಿರುಬೆರಳಿಗೂ 7. ಬಲಗೈ, ಎಡಗೈ ಎರಡಕ್ಕೂ ಅದೇ ಲೆಕ್ಕ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಹಳೆಯ ಕಾಯ್ದೆ ಈಗ ಸಾಮಾಜಿಕ ಭದ್ರತೆ ಸಂಹಿತೆಯೊಳಗೆ ಸೇರಿದೆ. ಬೆರಳಿನ ಪಟ್ಟಿ ಅಲ್ಲೂ ಇದೆ.

ಆ ವರ್ಷ ಹೊಸ ಬ್ಯಾಚ್ ಬಂದಾಗ ನಾನು ಪುಸ್ತಕದ ಮೊದಲ ಪಾಠ ಬಿಟ್ಟು ಈ ಪಟ್ಟಿ ಓದಿದೆ. ಕಿರುಬೆರಳಿನಿಂದ ಶುರು ಮಾಡಿ ಹೆಬ್ಬೆರಳಿನವರೆಗೆ ಬಂದೆ. ಮೊದಲು ಒಂದಿಬ್ಬರು ನಕ್ಕರು. ಆಮೇಲೆ ಕ್ಲಾಸು ತಣ್ಣಗಾಯಿತು. ಹಿಂದಿನ ಬೆಂಚಿನಲ್ಲಿ ಒಬ್ಬ ತನ್ನ ಕೈಯನ್ನು ಡೆಸ್ಕಿನ ಮೇಲೆ ಇಟ್ಟು ಬೆರಳು ಅಗಲಿಸಿ ನೋಡುತ್ತಾ ಕೂತಿದ್ದ. ನಾನು ಅವರನ್ನು ಹೆದರಿಸಲು ಓದಲಿಲ್ಲ. ಇನ್ನೊಂದು ಸಾಲು ಅವರಿಗೆ ಮುಟ್ಟಬೇಕಿತ್ತು. ಸಾವು ಅಥವಾ ಪೂರ್ತಿ ಅಂಗವೈಕಲ್ಯ ಅಲ್ಲದ ಪೆಟ್ಟಾದರೆ, ಆ ಪೆಟ್ಟು ಕೆಲಸಗಾರ ಬೇಕೆಂದೇ ಗಾರ್ಡ್, ಅಂದರೆ ಮಶೀನಿನ ರಕ್ಷಣೆಯ ತಡೆ, ತೆಗೆದದ್ದರಿಂದ ಆಯಿತು ಅಂತ ತೋರಿಸಿದರೆ ಮಾಲೀಕ ಪರಿಹಾರ ಕೊಡಬೇಕಿಲ್ಲ. ಈಗ ಯೋಚಿಸಿ. ಶೆಡ್ಡಿನಲ್ಲಿ ಗಾರ್ಡ್ ತೆಗೆಯಲು ಹೇಳುವುದು ಬಾಯಿಮಾತಿನಲ್ಲಿ. ತೆಗೆಯುವುದು ಹುಡುಗನ ಕೈ. ಪೆಟ್ಟಾದ ಮೇಲೆ ಬಾಯಿಮಾತು ಗಾಳಿಗೆ ಹೋಗುತ್ತದೆ, "ಅವನ ತಗದಾನ್ರಿ" ಅನ್ನುವುದು ಉಳಿಯುತ್ತದೆ. ಕಂಪ್ಯೂಟರಿನಿಂದ ಓಡುವ ಸಿಎನ್‌ಸಿ ಮಶೀನಿನ ಬಾಗಿಲಿನ ಸ್ವಿಚ್ಚಿಗೆ ಮ್ಯಾಗ್ನೆಟ್ ಅಂಟಿಸುವುದು, ಪ್ರೆಸ್ಸಿನ ಬಟನ್ನಿಗೆ ಟೇಪ್ ಸುತ್ತುವುದು, ಗ್ರೈಂಡರಿನ ಕವರ್ ಬಿಚ್ಚಿಡುವುದು, ಎಲ್ಲಕ್ಕೂ ಇದೇ ಕಥೆ.

ಹಾಗಾದರೆ ಗಾರ್ಡ್ ತೆಗಿ ಅಂದಾಗ ಏನು ಹೇಳಬೇಕು? ಕ್ಲಾಸಿನಲ್ಲಿ ಕೇಳಿದೆ. ಒಬ್ಬ ಎದ್ದು ನಿಂತು "ನಾನು ನಿಯಮ ಉಲ್ಲಂಘನೆ ಮಾಡುವುದಿಲ್ಲ ಎಂದು ಹೇಳಬೇಕು ಸರ್" ಅಂದ. ಪುಸ್ತಕದ ಭಾಷೆ. ಯಾವ ಮಿಸ್ತ್ರಿಯ ಮುಂದೆಯೂ ಯಾವ ಹುಡುಗನೂ ಹೀಗೆ ಮಾತಾಡುವುದಿಲ್ಲ. ಮಾತಾಡಿದರೆ ಶೆಡ್ಡಿನಲ್ಲಿ ಎಲ್ಲರೂ ನಗುತ್ತಾರೆ. ಹಾಗಾದರೆ ಬೇರೆ ಭಾಷೆಯಲ್ಲಿ ಹೇಳಬೇಕು ಅಂತ ನಾವೆಲ್ಲ ಸೇರಿ ಹುಡುಕಲು ಕೂತೆವು.

ಮಿಸ್ತ್ರಿಯ ಪಾರ್ಟು

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಟರ್ನರ್ ಇದ್ದಾರೆ. ನಲವತ್ತು ವರ್ಷ ಮಶೀನಿನ ಮುಂದೆ ನಿಂತವರು. ನಡುಬೆರಳು ಅರ್ಧ ಇಲ್ಲ. ಕಿವಿ ಮಂದ. ಮಶೀನ್ ಶಾಪಿನಲ್ಲಿ ಜಾಸ್ತಿ ವರ್ಷ ಕಳೆದ ಬಹಳ ಜನರ ಹಾಗೆ ಟಿವಿ ದೊಡ್ಡದಾಗಿ ಹಚ್ಚಿ ಕೂರುತ್ತಾರೆ. ಅವರನ್ನು ಕರೆದೆ. "ಕಾಕಾ, ಹುಡುಗರ ಮುಂದ ನೀವು ಮಿಸ್ತ್ರಿ ಆಗಬೇಕ್ರಿ. ನಿಮ್ಮ ಹೊತ್ತಿನಾಗ ಹೆಂಗ ಹೇಳತಿದ್ರೊ ಹಂಗ ಹೇಳ್ರಿ." ಮೊದಲು ಒಲ್ಲೆ ಅಂದರು. ಬಂದ ಮೇಲೆ ಎಂಥ ಪಾರ್ಟು ಮಾಡಿದರು ಅಂದರೆ ನಮ್ಮ ವರ್ಕ್‌ಶಾಪೇ ಶೆಡ್ಡಾಯಿತು. ಬಂದ್ ಇದ್ದ ಡ್ರಿಲ್ಲಿಂಗ್ ಮಶೀನನ್ನೇ ಪ್ರೆಸ್ ಅಂತ ಇಟ್ಟುಕೊಂಡೆವು. ಒಬ್ಬೊಬ್ಬನೇ ಬಂದು ಎದುರಿಗೆ ನಿಲ್ಲುವುದು, ಅವರು ಕೆಲಸ ಹೇಳುವುದು, ಹುಡುಗ ಉತ್ತರ ಕೊಡುವುದು.

ಮೊದಲ ಐದಾರು ಜನರ ಬಾಯಿ ಬರಲೇ ಇಲ್ಲ. ನಾಟಕ ಅಂತ ಗೊತ್ತಿದ್ದೂ ತಲೆ ತಗ್ಗಿಸಿ "ಹೂಂನ್ರಿ" ಅಂದು ಮಶೀನಿನ ಕಡೆ ನಡೆದರು. ಇದನ್ನು ಕಣ್ಣಾರೆ ನೋಡಿದ್ದು ನನಗೆ ದೊಡ್ಡ ಪಾಠ. ಆ ಹೂಂನ್ರಿ ಯೋಚಿಸಿ ಬರುವುದಲ್ಲ. ಮನೆಯಲ್ಲಿ, ಊರಲ್ಲಿ, ಶಾಲೆಯಲ್ಲಿ ಹಿರಿಯರ ಮುಂದೆ ಹೇಳಿ ಹೇಳಿ ಬಾಯಿಗೆ ಕೂತದ್ದು. ನನ್ನ ಮುಂದೆಯೂ ಅವರು ಎರಡು ವರ್ಷ ಅದನ್ನೇ ಹೇಳುತ್ತಾರೆ. ನಾನು ಅದನ್ನು ಒಳ್ಳೆಯ ನಡತೆ ಅಂತಲೇ ಎಣಿಸಿದ್ದೆ.

ಏಳನೆಯವನು ಬೈಲಹೊಂಗಲ ಕಡೆಯ ಹುಡುಗ, ಮಾತು ಕಡಿಮೆ. ಅವನು ಮಶೀನಿನ ಮುಂದೆ ನಿಂತು ಕೈ ಹಿಂದೆ ಕಟ್ಟಿಕೊಂಡ. "ಕಾಕಾ, ಒಂದ ಸಲ ನೀವ ಮಾಡಿ ತೋರಸ್ರಿ" ಅಂದ. ನನಗೆ ಬಹಳ ಖುಷಿಯಾಯಿತು. ಮರ್ಯಾದೆಯೂ ಉಳಿಯಿತು, ಕೈಯೂ ಹಿಂದೆ ಉಳಿಯಿತು. ಆದರೆ ಕಾಕಾ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದರು. "ಇದು ನಡಿಯಂಗಿಲ್ರಿ ಸರ. ನಾ ತೋರಿಸಿಬಿಡ್ತೀನಿ. ಚಕ್ಕಿ ಇಟ್ಟ ತೋರಸ್ತೀನಿ. ನಲವತ್ತ ವರ್ಷ ಹಂಗ ಮಾಡೀನಿ. ಆಮ್ಯಾಲ ಇಂವಾ ಏನ್ ಮಾಡ್ತಾನ?" ಹೌದಲ್ಲ. ನುರಿತ ಕೈ ಮಾಡಿ ತೋರಿಸಿದ ಮೇಲೆ ಒಲ್ಲೆ ಅನ್ನುವುದು ಇನ್ನೂ ಕಷ್ಟ. ಹುಡುಗ ಸ್ವಲ್ಪ ಹೊತ್ತು ನಿಂತ. ಆಮೇಲೆ ಮೆಲ್ಲಗೆ ಹೇಳಿದ: "ನಿಮ್ಮ ಕೈ ಪಳಗೇತ್ರಿ ಕಾಕಾ. ನಂದ ಇನ್ನೂ ಹೊಸಾದು. ಎರಡೂ ಬಟನ್ ಹಿಡದ ಮಾಡ್ತೀನ್ರಿ, ಸ್ವಲ್ಪ ತಡ ಆಗತೈತಿ, ಬೈಬ್ಯಾಡ್ರಿ."

ಕಾಕಾ ಏನೂ ಹೇಳಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು "ಇದಕ್ಕ ನಾ ಬೈದೇನು, ಆದ್ರ ಬಟನ್ ಬಿಡಿಸಾಕ ಆಗಂಗಿಲ್ಲ" ಅಂದರು. ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆದೆವು. ಹುಡುಗ ಹೇಳಿದ ಹಾಗೆಯೇ, ನಮ್ಮ ಮಾತಿನಲ್ಲೇ. ಅಂದು ಮೂವತ್ತು ಸಲವಾದರೂ ಎಲ್ಲರೂ ಅದನ್ನು ಬಾಯಿಬಿಟ್ಟು ಹೇಳಿರಬಹುದು. ಮನಸ್ಸಿನಲ್ಲಿ ಅಂದುಕೊಳ್ಳುವುದು ಬೇರೆ, ಎದುರಿಗೆ ಒಬ್ಬ ಹಿರಿಯನ ಕಣ್ಣು ನೋಡುತ್ತಾ ಹೇಳುವುದು ಬೇರೆ. ಮೊದಲನೆಯ ಸಲ ದನಿ ನಡುಗುತ್ತದೆ, ಹತ್ತನೆಯ ಸಲಕ್ಕೆ ನಿಲ್ಲುತ್ತದೆ. ಫೈಲಿಂಗ್ ಕಲಿಸುವುದೂ ಹೀಗೇ ಅಲ್ವಾ? ಒಂದೇ ಕೈಚಲನೆಯನ್ನು ದಿನಗಟ್ಟಲೆ ಮಾಡಿಸುತ್ತೇವೆ. ಬಾಯಿಗೂ ಅಷ್ಟೇ ರೂಢಿ ಬೇಕು ಅಂತ ನನಗೆ ಯಾಕೆ ಹೊಳೆದಿರಲಿಲ್ಲವೋ.

ಈಗ ನಮ್ಮ ಹತ್ತಿರ ಇಂಥ ವಾಕ್ಯಗಳು ಒಂದಿಷ್ಟು ಆಗಿವೆ. ಫೌಂಡ್ರಿಗೆ ಹೋಗುವವರಿಗೆ ಬೇರೆ, ಮಶೀನ್ ಶಾಪಿಗೆ ಬೇರೆ. ಬೆಳಗಾವಿಯ ಮಳೆ ನಿಮಗೆ ಗೊತ್ತು. ಜೂನ್‌ನಿಂದ ಹೊರಗೆ ಗುಡ್ಡೆ ಹಾಕಿದ ಸ್ಕ್ರ್ಯಾಪ್ ಒಣಗುವುದೇ ಇಲ್ಲ. ಒದ್ದೆ ಸ್ಕ್ರ್ಯಾಪ್ ಕುದಿಯುವ ಲೋಹದೊಳಗೆ ಮುಳುಗಿದರೆ ಅದರಲ್ಲಿದ್ದ ನೀರು ಕಣ್ಣು ಮಿಟುಕಿಸುವುದರೊಳಗೆ ಆವಿಯಾಗಿ ಸಾವಿರ ಪಟ್ಟಿಗೂ ಮೀರಿ ಹಿಗ್ಗುತ್ತದೆ. ಲೋಹ ಮೇಲಕ್ಕೆ ಸಿಡಿಯುತ್ತದೆ. ಭಟ್ಟಿಯ ಹತ್ತಿರ ನಿಂತವನಿಗೆ ಓಡಲು ಹೊತ್ತೇ ಇರುವುದಿಲ್ಲ. ಅಲ್ಲಿ ಮರ್ಯಾದೆಯ ಉದ್ದ ಮಾತಿಗೆ ಜಾಗವಿಲ್ಲ. "ಹಸಿ ಐತ್ರಿ! ತಡೀರಿ!" ಅಷ್ಟೇ. ಜೋರಾಗಿ ಕೂಗುವುದನ್ನೂ ಕಲಿಸಬೇಕಾಯಿತು. ಹಿರಿಯರಿದ್ದಾಗ ದನಿ ಏರಿಸಬಾರದು ಅಂತ ಬೆಳೆದ ಹುಡುಗರು ಅವರು. ವರ್ಕ್‌ಶಾಪಿನ ಈ ತುದಿಯಿಂದ ಆ ತುದಿಗೆ ಕೂಗಿಸಿದೆ. ಪಕ್ಕದ ಟ್ರೇಡಿನವರು ಬಾಗಿಲಿಗೆ ಬಂದು ನೋಡಿದರು.

ದಾರ ಮತ್ತು ಬೀಗದ ಕೈ

ಎಲ್ಲ ಮಾತೂ ಮಿಸ್ತ್ರಿಯ ಜೊತೆಗೇ ಇರುವುದಿಲ್ಲ. ಹುಡುಗರ ಮಣಿಕಟ್ಟಿಗೆ ದಾರ ಇರುತ್ತದೆ. ಒಬ್ಬನಿಗೆ ಅವನ ಅವ್ವ ಯಲ್ಲಮ್ಮನ ಗುಡ್ಡದಿಂದ ತಂದು ಕಟ್ಟಿದ್ದು, ಇನ್ನೊಬ್ಬನಿಗೆ ದರ್ಗಾದಲ್ಲಿ ಕಟ್ಟಿಸಿದ್ದು. ಲೇತಿನ ತಿರುಗುವ ಚಕ್‌ಗೆ ಸಿಕ್ಕರೆ ದಾರ ಹರಿಯುವುದಕ್ಕಿಂತ ಮೊದಲು ಕೈ ಹೋಗುತ್ತದೆ. ಮೊದಲೆಲ್ಲ "ಬಿಚ್ಚು" ಅಂತ ಗದರುತ್ತಿದ್ದೆ. ನನ್ನ ಮುಂದೆ ಬಿಚ್ಚಿ ಹೊರಗೆ ಹೋಗಿ ಕಟ್ಟಿಕೊಳ್ಳುತ್ತಿದ್ದರು. ಈಗ ಒಂದು ಚಿಕ್ಕ ಬಟ್ಟೆ ಚೀಲದಲ್ಲಿ ಹಾಕಿ ಅಂಗಿಯ ಎದೆ ಜೇಬಿನಲ್ಲಿ ಇಟ್ಟುಕೊಳ್ಳಿ ಅನ್ನುತ್ತೇನೆ. ಒಬ್ಬ ಮನೆಗೆ ಫೋನ್ ಮಾಡಿ ಅವ್ವನನ್ನು ಕೇಳಿದ. ಆಕೆ "ಎದಿ ಹಂತ್ಯಾಕ ಇದ್ರ ಇನ್ನೂ ಚೊಲೊ" ಅಂದರಂತೆ.

ಹುಡುಗಿಯರ ವಿಷಯ ನನಗೆ ತಡವಾಗಿ ತಿಳಿಯಿತು. ಎಲೆಕ್ಟ್ರಿಶಿಯನ್ ಟ್ರೇಡಿನ ಒಬ್ಬಳು ಅಪ್ರೆಂಟಿಸ್‌ಶಿಪ್ ಮುಗಿಸಿ ಸರ್ಟಿಫಿಕೇಟ್ ಪಡೆಯಲು ಬಂದಿದ್ದಳು. ಹೇಗಿತ್ತು ಅಂತ ಕೇಳಿದೆ. ಕೆಲಸ ಚೆನ್ನಾಗಿತ್ತು, ಎಲ್ಲರೂ ಒಳ್ಳೆಯವರು ಅಂದಳು. ಸ್ವಲ್ಪ ತಡೆದು, "ಇಡೀ ವರ್ಷ ಅಲ್ಲಿ ನೀರು ಕುಡಿದಿಲ್ಲ ಸರ್" ಅಂದಳು. ಹೆಂಗಸರ ಶೌಚಾಲಯಕ್ಕೆ ಬೀಗ. ಬೀಗದ ಕೈ ಸ್ಟೋರಿನ ಅಣ್ಣನ ಹತ್ತಿರ. ಪ್ರತಿ ಸಲ ಹೋಗಿ, ನಾಲ್ಕು ಜನರ ಮುಂದೆ ಕೇಳಿ ಪಡೆಯಬೇಕು. ಅದಕ್ಕೇ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಬೇಸಿಗೆಯಲ್ಲೂ. ಎರಡು ಸಲ ಉರಿಮೂತ್ರ ಆಗಿ ಆಸ್ಪತ್ರೆಗೆ ಹೋಗಿದ್ದಳು. ಕುಡಿಯುವ ನೀರು, ಹೆಂಗಸರಿಗೆ ಬೇರೆ ಶೌಚಾಲಯ, ಇವೆರಡೂ 1948ರ ಕಾರ್ಖಾನೆ ಕಾಯ್ದೆಯಲ್ಲಿ ಇದ್ದವು, ಈಗಲೂ ಕಾನೂನು ಅದನ್ನೇ ಹೇಳುತ್ತದೆ. ತಪಾಸಣೆಗೆ ಬಂದವರಿಗೆ ಶೌಚಾಲಯ ಇದೆ ಅಂತಲೇ ಕಾಣುತ್ತದೆ. ಬೀಗ ಕಾಣುವುದಿಲ್ಲ.

ಅವಳಿಗಾಗಿ ನನ್ನ ಹತ್ತಿರ ವಾಕ್ಯ ಇರಲಿಲ್ಲ. ಹುಡುಗರ ಹಾಗೆ ಕಾಕಾ ಅಂದು ನಿಭಾಯಿಸುವ ಮಾತಲ್ಲ ಅದು. ಅವಳಾಡಬೇಕಾದ ಮಾತೇ ಅಲ್ಲ ಅಂತ ನನಗೆ ಅನಿಸಿತು. ಹುಡುಗಿಯರನ್ನು ಕಳಿಸುವ ಮೊದಲು ನಾವೇ ಹೋಗಿ ನೋಡಬೇಕು. ಈಗ ಹೋಗುತ್ತೇವೆ. ನಮ್ಮ ಮಹಿಳಾ ಸಿಬ್ಬಂದಿಯೊಬ್ಬರು ಬರುತ್ತಾರೆ. ಮಾತಿನ ನಡುವೆ ಶೌಚಾಲಯಕ್ಕೆ ಹೋಗಬೇಕು ಅನ್ನುತ್ತಾರೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಐದು ನಿಮಿಷದಲ್ಲಿ ತಿಳಿಯುತ್ತದೆ.

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ. ಸೇರುವ ಮುನ್ನ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಕರಾರು ನೋಂದಣಿ ಆಗಿದೆಯೇ ನೋಡಿ, ಅದರ ಪ್ರತಿ ನಿಮ್ಮ ಫೋನಿನಲ್ಲಿ ಇರಲಿ, ಮನೆಯವರ ಫೋನಿನಲ್ಲೂ ಇರಲಿ. ಹದಿನೆಂಟು ತುಂಬದಿದ್ದರೆ ಪಾಲಕರ ಸಹಿ ಬೇಕು. 2019ರ ನಿಯಮದಲ್ಲಿ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸ್ಟೈಪೆಂಡ್ ಅಂತ ಇತ್ತು, ಎರಡನೆಯ ವರ್ಷಕ್ಕೆ ನೂರಕ್ಕೆ 10 ಹೆಚ್ಚು. ಸೇರುವಾಗ ಎಷ್ಟು ನಡೆಯುತ್ತಿದೆ ಅಂತ ನಮ್ಮನ್ನು ಕೇಳಿಕೊಳ್ಳಿ. 30 ಜನ ಅಥವಾ ಅದಕ್ಕಿಂತ ಹೆಚ್ಚಿರುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಅದಕ್ಕಿಂತ ಚಿಕ್ಕ ಕಡೆ ಅವರ ಇಷ್ಟ. ನಮ್ಮ ಹುಡುಗರಲ್ಲಿ ಬಹಳಷ್ಟು ಜನ ಹೋಗುವುದು ಆ ಚಿಕ್ಕ ಕಡೆಗೇ.

ಖಂಡೆ ಪೂಜೆಯ ದಿನ

ಮಹಾನವಮಿಗೆ ಉದ್ಯಮಬಾಗದಲ್ಲಿ ಒಂದು ಸುತ್ತು ಹಾಕುವುದು ನನ್ನ ಹಳೆಯ ರೂಢಿ. ಖಂಡೆ ಪೂಜೆ. ವರ್ಷವಿಡೀ ಓಡುವ ಮಶೀನುಗಳು ಅಂದು ನಿಂತಿರುತ್ತವೆ. ಎಣ್ಣೆ ಒರೆಸಿ, ತೊಳೆದು, ಚೆಂಡು ಹೂವಿನ ಮಾಲೆ ಹಾಕಿರುತ್ತಾರೆ. ಹಳೆಯ ಹುಡುಗರು ಸಿಗುತ್ತಾರೆ, ಪ್ರಸಾದ ಕೊಡುತ್ತಾರೆ, ಕಾಲಿಗೆ ಬೀಳುತ್ತಾರೆ. ಬೆರಳು ಹೋದ ಹುಡುಗನ ಶೆಡ್ಡಿಗೂ ಹೋಗಿದ್ದೆ. ಅವನು ಅಲ್ಲೇ ಇದ್ದಾನೆ, ಈಗ ಸ್ಟೋರು ನೋಡಿಕೊಳ್ಳುತ್ತಾನೆ. ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾನೆ. ಪ್ರೆಸ್ಸಿನ ಮೇಲೆ ಮಾಲೆ ಇತ್ತು. ಎರಡೂ ಬಟನ್ನಿಗೆ ಕುಂಕುಮ ಹಚ್ಚಿದ್ದರು. ಚಕ್ಕೆ ಇರಲಿಲ್ಲ. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಪಕ್ಕಕ್ಕೆ ಬಂದ ಅವನು ಮೆಲ್ಲಗೆ ಹೇಳಿದ: "ಪೂಜಿಗೆ ತಗದಾರೊ, ಪೂರಾ ತಗದಾರೊ, ನಾಳೆ ನೋಡಿ ಹೇಳ್ತೀನ್ರಿ ಸರ." ಮರುದಿನ ಹತ್ತು ಗಂಟೆಗೆ ಒಂದು ಫೋಟೋ ಬಂತು. ಕುಂಕುಮ ಹಚ್ಚಿದ ಎರಡು ಬಟನ್, ಎರಡರ ಮೇಲೂ ಯಾರದೋ ಎರಡು ಕೈ. ಕೆಳಗೆ ಏನೂ ಬರೆದಿರಲಿಲ್ಲ.

ಒಂದು ಫೋನು

ಎಲ್ಲ ಸರಿಯಾಯಿತು ಅಂತ ನಾನು ಬರೆಯಲಾರೆ. ಈ ವರ್ಷ ಒಂದು ಸಂಜೆ ಏಳರ ಹೊತ್ತಿಗೆ ಫೋನ್ ಬಂತು. ಹೋದ ಬ್ಯಾಚಿನ ಹುಡುಗ. "ಸರ, ಹೇಳಿದೆ" ಅಂದ. ಗ್ರೈಂಡರಿನ ಕವರ್ ಬಿಚ್ಚಿ ದೊಡ್ಡ ಜಾಬ್, ಅಂದರೆ ಉಜ್ಜಬೇಕಾದ ತುಂಡು, ಹಿಡಿ ಅಂದಿದ್ದರಂತೆ. ಕ್ಲಾಸಿನಲ್ಲಿ ರೂಢಿ ಮಾಡಿದ ಹಾಗೆಯೇ, ಮರ್ಯಾದೆಯಿಂದಲೇ ಹೇಳಿದ್ದಾನೆ. "ಏನಂದ್ರು?" ಅಂತ ಕೇಳಿದೆ. "ನಾಳಿಂದ ಬರಬ್ಯಾಡ ಅಂದ್ರು."

ನನ್ನ ಕೈಕಾಲು ತಣ್ಣಗಾದವು. ವಾಕ್ಯ ಕೊಟ್ಟವನು ನಾನು. ಬೆಲೆ ಕೊಟ್ಟವನು ಅವನು. ಎರಡು ದಿನ ಬಿಟ್ಟು ಅವನ ಅಪ್ಪ ಮನೆಗೆ ಬಂದರು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತು "ನೀವ ಕಲಿಸಿದ್ದಲ್ರಿ ಸರ ಇದು?" ಅಂದರು. ಹೌದು ಅಂದೆ. ಒಳಗೆ ಕರೆದೆ. ನನ್ನ ಹೆಂಡತಿ ಚಹಾ ತಂದಳು. ಬಹಳ ಹೊತ್ತು ಅವರು ಕಪ್ಪು ಮುಟ್ಟಲಿಲ್ಲ. ನಾನು ಬೆರಳು ಹೋದ ಹುಡುಗನ ಕಥೆ ಹೇಳಿದೆ, ಅವನ ಅಪ್ಪನಿಗೆ ನಾನು ತೊಗೊರಿ ಅಂದದ್ದನ್ನೂ ಹೇಳಿದೆ. ಅವರು ಕೇಳಿಸಿಕೊಂಡರು. ಕೊನೆಗೆ, "ಅವಂಗ ಕೆಲಸ ಬೇಕಲ್ರಿ" ಅಂದರು. ಅದಕ್ಕೆ ನನ್ನ ಹತ್ತಿರ ಎದುರು ಮಾತಿರಲಿಲ್ಲ.

ಅಂದಿನಿಂದ ಒಂದು ಕೆಲಸ ಹೆಚ್ಚಾಗಿದೆ. ಸಂಜೆ ಹೊತ್ತು ಶೆಡ್ಡುಗಳಿಗೆ ಹೋಗಿ ಮಾಲೀಕರ ಜೊತೆ ಕೂತು ಮಾತಾಡುತ್ತೇನೆ. ಹುಡುಗರ ಬಾಯಿಗೆ ಮಾತು ಕೊಟ್ಟ ಮೇಲೆ ಕೇಳುವ ಕಿವಿಯನ್ನೂ ಹುಡುಕಬೇಕು. ಕೆಲವರು ಚಹಾ ಕೊಟ್ಟು ಕಳಿಸುತ್ತಾರೆ, ಕೆಲವರು ನಿಜವಾಗಿ ಕೇಳುತ್ತಾರೆ. ಹದಿನೆಂಟು ದಿನ ತಿರುಗಿದ ಮೇಲೆ ಮಚ್ಛೆ ಕಡೆ ಒಂದು ಮಶೀನ್ ಶಾಪಿನಲ್ಲಿ ಜಾಗ ಇದೆ ಅಂತ ಗೊತ್ತಾಯಿತು. ಹುಡುಗನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ನಾನೇ ಹೋದೆ. ಮಾಲೀಕರು ವಯಸ್ಸಾದವರು. ಕನ್ನಡಕದ ಮೇಲಿಂದ ಅವನನ್ನು ನೋಡಿದರು, ಆಮೇಲೆ ನನ್ನನ್ನು. ಹಿಂದಿನ ಶೆಡ್ಡಿನ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಈ ಊರಲ್ಲಿ ಅಂಥ ಸುದ್ದಿ ಬೇಗ ಹೋಗುತ್ತದೆ.

"ಭಾಳ ಮಾತಾಡ್ತಾನಂತಲ್ರಿ ಇಂವಾ?"

"ಹೌದ್ರಿ," ಅಂದೆ. "ಕಲಿಸಿದಾಂವ ನಾನ."

ಅವರು ಅವನ ಕಾಲಿನ ಕಡೆ ನೋಡಿದರು. ಚಪ್ಪಲಿ ಹಾಕಿದ್ದ. "ಸೋಮವಾರ ಎಂಟೂವರಿಗೆ ಬಾ. ಪೂರಾ ಬೂಟ್ ಹಾಕ್ಕೊಂಡ ಬಾ" ಅಂದರು. ಅಲ್ಲಿಂದ ನೇರವಾಗಿ ಪೇಟೆಗೆ ಹೋಗಿ ಬೂಟು ಕೊಂಡೆವು. ಎಂಟು ನಂಬರ್ ಸರಿ ಬರಲಿಲ್ಲ, ಏಳು ತೆಗೆದುಕೊಂಡ.